ಒಂಬತ್ತನೇ ಗೂಡಿನ ದೀಪ

ನಮ್ಮ ಆಫೀಸಿನ ಸರ್ವರಿನಲ್ಲಿ ಪ್ರತಿ ವಿಡಿಯೋವನ್ನೂ ತುಂಡು ಮಾಡಿ ಎಂಟು ಡಿಸ್ಕ್‌ಗಳಿಗೆ ಹಂಚುತ್ತೇವೆ. ವಿಡಿಯೋ ಓಡಿಸಿದಾಗ ಡಿಸ್ಕ್ ಕೂರುವ ಗೂಡುಗಳ ಎಂಟು ದೀಪಗಳು ಸಾಲಾಗಿ ಮಿನುಗುತ್ತವೆ. ಪರೀಕ್ಷೆಗೆ ನಾನು ಹಾಕುವುದು ತಂಗಿಯ ಕುಣಿತದ ಹಳೆಯ ವಿಡಿಯೋ. ತೆಗೆದವಳು ಅಮ್ಮ. ಕ್ಯಾಮೆರಾ ಸದಾ ಅವಳ ಕೈಯಲ್ಲೇ ಇರುತ್ತಿದ್ದರಿಂದ, ಅವಳು ತೀರಿಹೋದ ಮೇಲೆ ನೋಡಲು ಅವಳದೊಂದು ವಿಡಿಯೋವೂ ಇಲ್ಲ.

ನಿನ್ನೆ ಮಧ್ಯಾಹ್ನ, ಡಿಸ್ಕೇ ಇಲ್ಲದ ಒಂಬತ್ತನೇ ಗೂಡಿನ ದೀಪವೂ ಮಿನುಗಿತು. ಕೈಯಿಟ್ಟರೆ ಖಾಲಿ ಗೂಡು ಬೆಚ್ಚಗಿತ್ತು. ಪ್ರತಿ ಎಂಟು ತುಂಡು ಓಡಿದ ಮೇಲೊಮ್ಮೆ ಪರದೆಯಲ್ಲಿ ಅಮ್ಮ ಕಾಣಿಸಿದಳು: ಕೈಯಲ್ಲಿರುವ ತನ್ನ ಕ್ಯಾಮೆರಾಕ್ಕೆ ಕಣ್ಣಿಟ್ಟು ನಗುತ್ತಿದ್ದಾಳೆ, ಎದುರಿಗೆ ತಂಗಿ ಕುಣಿಯುತ್ತಿದ್ದಾಳೆ, ಪಕ್ಕದಲ್ಲಿ ನಾನು ತಾಳ ಹಾಕುತ್ತಿದ್ದೇನೆ. ಹೆದರಿಕೆಯೇ ಆಗಲಿಲ್ಲ, ಖುಷಿಯಾಯಿತು. ತಕ್ಷಣ ತಂಗಿಗೆ ವಿಡಿಯೋ ಕಾಲ್ ಮಾಡಿ ಫೋನಿನಲ್ಲೇ ತೋರಿಸಿದೆ.

"ಅಯ್ಯೋ, ಅಮ್ಮನೇ ಕಣೋ," ಎಂದು ಅತ್ತಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಣ್ಣ, ಅವತ್ತು ಮನೇಲಿದ್ದಿದ್ದು ನಾವು ಮೂರೇ ಜನ. ಮೂರೂ ಜನ ಇದರಲ್ಲೇ ಇದ್ದೀವಿ. ಮತ್ತೆ ಇದನ್ನ ತೆಗೀತಿರೋದು ಯಾರು?"