ಮೂರು ತಂತಿಯ ತಂಬೂರಿ

ಪದರದರ್ಶಕದ ನೀಲಿ ಬೆಳಕು ಚಿತ್ರದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಧಾರವಾಡದ ಸಂಗೀತ ಸಂಗ್ರಹಾಲಯಕ್ಕೆ ಆ ಯಂತ್ರ ಬಂದು ತಿಂಗಳಾಗಿತ್ತಷ್ಟೆ. ಬೇರೆ ಬೇರೆ ತರಂಗಾಂತರದ ಕಿರಣಗಳನ್ನು ಅದು ಚಿತ್ರದೊಳಕ್ಕೆ ಹಾಯಿಸುತ್ತದೆ. ಪ್ರತಿ ಬಣ್ಣವೂ ಕಿರಣಗಳನ್ನು ತನ್ನದೇ ರೀತಿಯಲ್ಲಿ ಹೀರುವುದರಿಂದ, ಯಾವುದನ್ನು ಮೊದಲು ಬಳಿದರು, ಯಾವುದನ್ನು ಆಮೇಲೆ, ಅದು ಏತರಿಂದ ಆದದ್ದು ಎಂಬುದೆಲ್ಲ ಪರದೆಯ ಮೇಲೆ ಒಂದೊಂದೇ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಪಕ್ಕದಲ್ಲಿ ಕುಳಿತ ಇಂದುಮತಿ ಕಡಕೋಳ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸುತ್ತಿದ್ದಳು. ಯಂತ್ರದ ಕೆಳಗಿದ್ದದ್ದು ಮೂವತ್ತಾರು ವರ್ಷಗಳ ಹಿಂದೆ, ಎಲ್‌ಪಿ ರೆಕಾರ್ಡುಗಳು ಮತ್ತೆ ಚಾಲ್ತಿಗೆ ಬಂದಿದ್ದ ಕಾಲದಲ್ಲಿ, ಗಾಯಕಿ ಮಾಣಿಕಬಾಯಿ ಸವಣೂರರ ರೆಕಾರ್ಡಿನ ಹೊದಿಕೆಗೆಂದು ಅವಳು ಬರೆದ ಮೂಲಚಿತ್ರ. ಕಡುಗೆಂಪು ಹಿನ್ನೆಲೆಯಲ್ಲಿ ಒಂದು ತಂಬೂರಿ. ತಂಬೂರಿಗೆ ತಂತಿ ನಾಲ್ಕಿರಬೇಕು. ಇಲ್ಲಿ ಇದ್ದದ್ದು ಮೂರೇ.

ಆಗ ಅವಳಿಗೆ ಇಪ್ಪತ್ತೆಂಟು. ಮೂರು ದಿನ ಊಟ ನಿದ್ದೆ ಬಿಟ್ಟು ಚಿತ್ರ ಮುಗಿಸಿ, ಮಾಣಿಕಬಾಯಿಯವರ ಒಪ್ಪಿಗೆಗೆಂದು ಅವರ ಮನೆಯಲ್ಲಿಟ್ಟು, ತಂಗಿಯ ಬಾಣಂತನಕ್ಕೆ ಬೆಳಗಾವಿಗೆ ಹೋಗಿದ್ದಳು. ಅಚ್ಚಾದ ಹೊದಿಕೆಯನ್ನು ಕಂಡದ್ದು ಬಿಡುಗಡೆಯ ದಿನವೇ. ಹಿರಿಯ ವಾದಕರೊಬ್ಬರು ಅದನ್ನು ಎತ್ತಿಹಿಡಿದು, ಬರೆದವರಿಗೆ ತಂಬೂರಿಯ ಪರಿಚಯವಿಲ್ಲವೆಂದು ಕಾಣುತ್ತದೆ ಎಂದರು. ಹಾಡಲು ಅಣಿಯಾಗುತ್ತ ಮಾಣಿಕಬಾಯಿ ಇನ್ನೂ ಒಳಗಿದ್ದರು; ಸಭೆ ನಕ್ಕಿತು. ಗಡಿಬಿಡಿಯಲ್ಲಿ ತಂತಿ ಮರೆತೆನೆಂದು ಇಂದುಮತಿ ನಂಬಿಬಿಟ್ಟಳು. ಮುಂದೆ ಒಂದು ಹೊದಿಕೆಯನ್ನೂ ಬರೆಯಲಿಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ ಉಳಿದಳು. ಆಮೇಲೆ ವಿಮರ್ಶಕರು ಆ ಇಲ್ಲದ ತಂತಿಯಲ್ಲಿ ವಿರಹವನ್ನೂ ಶೂನ್ಯವನ್ನೂ ಕಂಡು ಹೊಗಳಿ ಬರೆದಾಗ ಅವಳ ಸಂಕೋಚ ಇಮ್ಮಡಿಯಾಯಿತು. ನಿಜ ಹೇಳುವ ಧೈರ್ಯ ಬರಲಿಲ್ಲ. ಇಂದು ಯಂತ್ರವೇ ಹೇಳಿಬಿಡುತ್ತದೆ ಎಂದುಕೊಂಡು ಬಂದಿದ್ದಳು.

ವಿಜ್ಞಾನಿ ಫರೀದಾ ಕಿತ್ತೂರ ಪರದೆಯತ್ತ ಬಾಗಿದಳು.

"ಮೇಡಂ, ನಾಲ್ಕನೇ ತಂತಿ ಐತಲ್ರೀ. ನೋಡ್ರಿ, ಬಂಗಾರದ ಬಣ್ಣದ್ದು. ಮ್ಯಾಲೆ ಏನೋ ಸವರ‍್ಯಾರ."

ಇಂದುಮತಿ ಎದ್ದು ನಿಂತಳು. ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿನಲ್ಲಿ ಎಳೆದ ಗೆರೆ. ಅವಳದೇ ಕೈ. ಅದನ್ನು ಮುಚ್ಚಿದ್ದು ಚಿತ್ರಗಾರರ ಬಣ್ಣವೇ ಅಲ್ಲ, ಅರಿಶಿನ, ಸುಣ್ಣ ಮತ್ತು ಜೇನುಮೇಣ ಎಂದು ಯಂತ್ರ ತೋರಿಸುತ್ತಿತ್ತು. ಬಣ್ಣದ ಪೆಟ್ಟಿಗೆಯಲ್ಲಿ ಇಂಥದ್ದು ಎಲ್ಲಿಂದ ಬರಬೇಕೆಂದು ಫರೀದಾಗೆ ಹೊಳೆಯಲಿಲ್ಲ. ಇಂದುಮತಿಗೆ ಹೊಳೆಯಿತು: ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮ. ಹಣೆಗೆ ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದವರು ಮಾಣಿಕಬಾಯಿ.

ಅವರಿಗೀಗ ಎಂಬತ್ತನಾಲ್ಕು. ಇಂದುಮತಿ ಅಲ್ಲಿಂದಲೇ ಫೋನ್ ಮಾಡಿ ತಂತಿಯ ವಿಷಯ ಕೇಳಿದಳು.

"ರೆಕಾರ್ಡಿಂಗ್ ದಿವಸ ಒಂದು ತಂತಿ ಹರಕೊಂಡಿತ್ತವಾ ಇಂದೂ. ಮೂರರ ಮ್ಯಾಲೇ ಹಾಡೀನಿ. ಚಿತ್ರದಾಗ ಸುಳ್ಳು ಬ್ಯಾಡ ಅನಿಸ್ತು. ಚಿತ್ರದ ಹಿಂದ ನಿನಗ ಚೀಟಿ ಅಂಟಿಸಿದ್ದೆನಲ್ಲ?"

ಚೀಟಿ ಅವಳ ಕೈ ಸೇರಿರಲಿಲ್ಲ. ಅಚ್ಚುಮನೆಯಲ್ಲಿ ಎಲ್ಲೋ ಕಿತ್ತುಹೋಗಿರಬೇಕು. ಅವಳು ಮತ್ತೆ ಮನೆಯತ್ತ ಬಾರದ್ದನ್ನು ಕಂಡು, ಚಿತ್ರ ಮುಟ್ಟಿದ್ದಕ್ಕೆ ಸಿಟ್ಟಾಗಿದ್ದಾಳೆಂದು ಮಾಣಿಕಬಾಯಿ ಸುಮ್ಮನಾಗಿದ್ದರಂತೆ. ಇಂದುಮತಿ ಕುರ್ಚಿಯಲ್ಲಿ ಕುಳಿತು ಅತ್ತಳು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟಂತಿತ್ತು. ವರದಿಯಲ್ಲಿ ಇದನ್ನೆಲ್ಲ ಬರೆಯಲೇ ಎಂದು ಫರೀದಾ ಹಿಂಜರಿದು ಕೇಳಿದಾಗ, ಕಂಡದ್ದನ್ನೆಲ್ಲ ಬರೆ ಎಂದಳು.

ಅಂದು ಮಧ್ಯಾಹ್ನವೇ ಮಾಳಮಡ್ಡಿಯ ಮಾಣಿಕಬಾಯಿಯವರ ಮನೆಯಲ್ಲಿ ಅವರೂ ಇಂದುಮತಿಯೂ ಎದುರುಬದುರು ಕುಳಿತು ಅವಲಕ್ಕಿ ತಿಂದರು. ಪುಸ್ತಕಗಳಲ್ಲಿ ಆ ತಂತಿಯ ಬಗ್ಗೆ ಏನೇನು ಬರೆದಿದ್ದಾರೆಂದು ಮಾಣಿಕಬಾಯಿ ಕೇಳಿದರು. ಜೀವಾತ್ಮ ಪರಮಾತ್ಮನಿಂದ ಅಗಲಿದ ಸಂಕೇತ ಅಂತಾರ, ಎಂದಳು ಇಂದುಮತಿ.

ಮಾಣಿಕಬಾಯಿ ಕೆಮ್ಮು ಬರುವ ತನಕ ನಕ್ಕರು.

"ಆವತ್ತು ರವಿವಾರ ಇತ್ತವಾ. ತಂತಿ ಮಾರೋ ಅಂಗಡಿ ಎಲ್ಲಾ ಮುಚ್ಚಿದ್ವು."