ಅವನ ಸರ್ವರ್, ಅವಳ ಪರೀಕ್ಷೆ

"ಯಾರ್ರೀ ಅದು, ನನ್ನ ಜಾಗದಲ್ಲಿ ಸರ್ವರ್ ಓಡಿಸಿ ಹೋಗಿರೋದು?"

ಟೆಸ್ಟಿಂಗ್ ಹುಡುಗಿ ಬಂದು ನಿಂತ ರಭಸಕ್ಕೆ ಮೇಜಿನ ಮೇಲಿದ್ದ ಕಾಫಿ ತುಳುಕಿತು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಆಗಲೇ ಆಫೀಸಿನವರು 'ಪಟಾಕಿ' ಎಂದು ಹೆಸರಿಟ್ಟಾಗಿತ್ತು.

ಕೋಡ್ ಬರೆಯುವವನು ಮೆಲ್ಲಗೆ ತಲೆಯೆತ್ತಿದ. ಅವನೋ 'ಮೌನಿಬಾಬಾ'! ಅವನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಹರಸಾಹಸ ಮಾಡಬೇಕು.

"ನನ್ನದೇ... ನಿಲ್ಲಿಸೋದು ಮರೆತೆ."

"ಮರೆಯೋದು ನೀವು, ಬೈಸ್ಕೊಳ್ಳೋದು ನಾನು!"

ಅವಳ ಕೋಪದಲ್ಲಿ ನ್ಯಾಯವಿತ್ತು. ಬಸ್ ಟಿಕೆಟ್ ಮಾರುವ ಸೈಟನ್ನು ಪರೀಕ್ಷಿಸಲು ಇಡೀ ತಂಡಕ್ಕಿದ್ದದ್ದು ಒಂದೇ ಕಂಪ್ಯೂಟರ್. ಅವಳ ಪರೀಕ್ಷೆ ಶುರುವಾದಾಗ ಹೊಸ ಕೋಡಿನ ಪುಟ್ಟ ವೆಬ್ ಸರ್ವರೊಂದು ಅದರೊಳಗೆ ತಾನಾಗಿ ಏಳಬೇಕು, ಮುಗಿದಾಗ ತಾನಾಗಿ ನಿಲ್ಲಬೇಕು. ಅದಕ್ಕೆ ಗೊತ್ತುಮಾಡಿದ ಪೋರ್ಟಿನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಸರ್ವರ್ ಹಿಡಿಯುವ ಜಾಗದಲ್ಲಿ, ಇವನ ಸರ್ವರ್ ಮೊದಲೇ ಓಡುತ್ತಿದ್ದರೆ ಅವಳದಕ್ಕೆ ಜಾಗವೆಲ್ಲಿ? ಪರೀಕ್ಷೆಯೆಲ್ಲ ಕೆಂಪು, ಅಂದರೆ ಫೇಲು!

ಇವನು ಮರೆಯುವುದು, ಅವಳು ಬೈಯಲು ಹೋಗುವುದು ರೂಢಿಯಾಯಿತು. ಬೈಗುಳ ಹೋಗಿ ಹರಟೆ ಬಂತು, ಹರಟೆಯ ಜೊತೆ ಕಾಫಿಯೂ ಬಂತು.

"ಇವತ್ತೂ ಬೈದೆ ಅಂತೀಯ, ಮುಖ ನೋಡಿದ್ರೆ ಹಾಗನ್ಸಲ್ವಲ್ಲೇ!" ಮನೆಯಲ್ಲಿ ಅಕ್ಕ ಕಾಲೆಳೆದಳು.

"ಹೋಗೇ ಅಕ್ಕಾ!"

ಒಂದು ದಿನ ಅವನು ಊಟವನ್ನೂ ಬಿಟ್ಟು ತನ್ನ ಸರ್ವರಿನಲ್ಲಿ ಯಾವುದೋ ಜಿಗುಟು ದೋಷ ಹುಡುಕುತ್ತಿದ್ದ. ಪಾಪ... ಆ ಸರ್ವರನ್ನು ನಿಲ್ಲಿಸಲು ಅವಳಿಗೆ ಕೈ ಬರಲಿಲ್ಲ. ತನ್ನ ಪರೀಕ್ಷೆಯಲ್ಲೇ ಒಂದು ಸಾಲು ಬದಲಿಸಿದಳು: ಸರ್ವರ್ ಮೊದಲೇ ಓಡುತ್ತಿದ್ದರೆ ಅದನ್ನೇ ಬಳಸು. ಆ ಸಾಲು ಹಾಗೆಯೇ ಉಳಿದುಬಿಟ್ಟಿತು.

ಆಮೇಲೆ ಪರೀಕ್ಷೆಯೆಲ್ಲ ಹಸಿರೋ ಹಸಿರು! ಹೊಸ ಕೋಡ್ ಜನರ ಕೈ ಸೇರಿತು... ಸೇರಿದ್ದೇ ತಡ, ಒಂದೇ ಸೀಟನ್ನು ಇಬ್ಬಿಬ್ಬರಿಗೆ ಮಾರಿತು. ಅವನು ನಿಲ್ಲಿಸದೆ ಬಿಟ್ಟ ಸರ್ವರಿನಲ್ಲಿದ್ದದ್ದು ಹಳೆಯ ಕೋಡ್. ಪರೀಕ್ಷೆ ನೋಡಿದ್ದು ಅದನ್ನೇ, ಹೊಸದನ್ನು ಮುಟ್ಟಿಯೂ ಇರಲಿಲ್ಲ.

ತನ್ನ ಸಾಲು ನೆನಪಾಗಿ ಅವಳ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಗಾಜಿನ ಕೋಣೆಯಲ್ಲಿ ಅವನು ತಂಡದ ಲೀಡ್ ಮೇಡಂ ಜೊತೆ ಮಾತಾಡುತ್ತಿರುವುದು ಕಂಡಿತು. ಬಾಯೇ ಬಿಡದವನು ಇಷ್ಟು ಹೊತ್ತು ಏನು ಹೇಳ್ತಿದ್ದಾನೆ? ನನ್ನ ಮೇಲೆ ಚಾಡಿನಾ?

ಹೊರಬಂದವನನ್ನು ತಡೆದಳು. "ತೃಪ್ತಿ ಆಯ್ತಾ? ಕೆಲಸ ಕಾಯಂ ಆಗೋ ಹೊತ್ತಿಗೆ ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ!"

ಅವನು ತಲೆತಗ್ಗಿಸಿ ತನ್ನ ಮೇಜಿನತ್ತ ನಡೆದ.

ಮಧ್ಯಾಹ್ನದ ಮೀಟಿಂಗಿನಲ್ಲಿ ಮೇಡಂ ಅವನತ್ತ ಕೈ ತೋರಿಸಿದರು. "ತಪ್ಪೆಲ್ಲ ತನ್ನದೇ, ಪರೀಕ್ಷೆ ಬರೆದವರದ್ದೇನೂ ಇಲ್ಲ ಅಂತ ಇವರು ಒಪ್ಕೊಂಡಿದ್ದಾರೆ. ನಾಳೆಯಿಂದ ಈ ತಂಡದಲ್ಲಿ ಇರಲ್ಲ."

ಅವಳು ಅವನತ್ತ ತಿರುಗಿದಳು. ಛೇ, ನನ್ನನ್ನು ಉಳಿಸೋಕೆ ಹೋಗಿ ತಾನೇ ಮುಳುಗಿದನಲ್ಲ! ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕೆಲಸ ಉಳಿಯುತ್ತೆ... ಆದರೆ ಅವನು?

"ಮೇಡಂ, ತಪ್ಪು ನನ್ನದು!" ಎದ್ದು ನಿಂತಳು. "ಓಡ್ತಿರೋ ಸರ್ವರನ್ನೇ ಬಳಸು ಅಂತ ಬರೆದೋಳು ನಾನು."

"ಯಾಕಮ್ಮಾ? ಇವರದನ್ನ ನಿಲ್ಲಿಸಿ ನಿಮ್ಮದನ್ನ ಶುರು ಮಾಡೋಕೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಮೇಡಂ... ಮನಸ್ಸು ಬರ್ಲಿಲ್ಲ. ಊಟನೂ ಬಿಟ್ಟು ಕೂತಿದ್ರು. ಬೇರೆ ಯಾರದ್ದೇ ಆಗಿದ್ರೂ ನಿಲ್ಲಿಸ್ತಿದ್ದೆ..."

ಎಲ್ಲರೂ ಅವಳತ್ತ ತಿರುಗಿದರು. ಅಯ್ಯೋ, ಏನು ಹೇಳಿಬಿಟ್ಟೆ! ಅವಳ ಮುಖ ಕಿವಿಯವರೆಗೂ ಕೆಂಪಾಯಿತು.

ಮೇಡಂ ನಗು ತಡೆದುಕೊಂಡರು. "ಸರಿ, ತಪ್ಪು ಇಬ್ಬರದೂ. ಒಬ್ಬೊಬ್ಬರ ಸರ್ವರಿಗೂ ಬೇರೆ ಬೇರೆ ಪೋರ್ಟ್ ಕೊಟ್ಟು ಇಬ್ಬರೂ ಸೇರಿ ಸರಿ ಮಾಡಿ. ಇವರು ಇಲ್ಲೇ ಇರ್ಲಿ. ಆದ್ರೆ ನಿಮ್ಮ ಕಾಯಂ ಮಾತು ಸದ್ಯಕ್ಕಿಲ್ಲ."

ಎಲ್ಲರೂ ಮುಸಿಮುಸಿ ನಗುತ್ತ ಹೊರಟರು. ಅವರಿಬ್ಬರೇ ಉಳಿದರು.

"ನಿಮಗೆ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ... ಕ್ಷಮಿಸ್ತೀರಾ?"

"ಅದಿರ್ಲಿ. ಸುಮ್ನಿದ್ದಿದ್ರೆ ನಿಮ್ಮ ಕೆಲಸ ಕಾಯಂ ಆಗ್ತಿತ್ತಲ್ರೀ!"

"ನೀವಿಲ್ಲದ ತಂಡದಲ್ಲಿ ಕಾಯಂ ಆಗಿ ಏನ್ ಮಾಡ್ಲಿ?"

ಅವನ ಕಣ್ಣು ತುಂಬಿತು. ತಡವರಿಸಿದ, ಕೊನೆಗೂ ಹೇಳಿದ. "ನೀವಂದ್ರೆ... ನಂಗೆ ಪ್ರಾಣ ಕಣ್ರೀ."

ಪಟಾಕಿಗೆ ಅಳುವೂ ಬಂತು, ನಗುವೂ ಬಂತು.

"ಏನಂದ್ರಿ? ಇನ್ನೊಂದ್ಸಲ ಹೇಳಿ..."

ಅವನು ಇನ್ನೊಂದು ಸಲ ಹೇಳಿದ.