ಬ್ಯಾಗು ಕಾಯುವವಳು

ತಪ್ಪೆಲ್ಲ ಆ ಹಳದಿ ಅಂಗಿಯದು. ಸೇಲ್‌ನಲ್ಲಿ ಸಿಕ್ಕಿತೆಂದು ಅಕ್ಕ ತಂದುಕೊಟ್ಟಿದ್ದಳು, ತಂಗಿ ಬೇಡವೆನ್ನಲಾರದೆ ಹಾಕಿಕೊಂಡಿದ್ದಳು. ಆ ಥೀಮ್ ಪಾರ್ಕಿನ ಕೆಲಸದವರ ಯೂನಿಫಾರ್ಮ್ ಕೂಡ ಅದೇ ಹಳದಿ, ಅದೇ ಕಾಲರು, ಅದೇ ಎರಡು ಜೇಬು ಎಂದು ಯಾರಿಗೆ ಗೊತ್ತಿತ್ತು!

ಅಕ್ಕನ ಮಕ್ಕಳು ಕರೆದೂ ಕರೆದೂ ಅವಳಿಗೆ ಚಿಕ್ಕಿ ಎಂಬ ಹೆಸರೇ ಗಟ್ಟಿಯಾಗಿತ್ತು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಕಂಡರೆ ಹೆದರುವವರನ್ನು ಮಾತಿಗೆಳೆದು, ಅವರು ಉತ್ತರ ಕೊಡುವಷ್ಟರಲ್ಲಿ ಕೆಲಸ ಮುಗಿಸಿಬಿಡುತ್ತಿದ್ದಳು. ಬೇರೆಯವರಿಗೆ ಅಷ್ಟು ಧೈರ್ಯ ತುಂಬುವವಳಿಗೆ ಸ್ವತಃ ಉಯ್ಯಾಲೆಯಲ್ಲಿ ಕೂತರೂ ತಲೆ ಗಿರ್ರೆನ್ನುತ್ತದೆ. ಹಾಗಾಗಿ ಅಕ್ಕ, ಭಾವ, ಮಕ್ಕಳು ಒಂದಾದ ಮೇಲೊಂದು ರೈಡಿಗೆ ಓಡುತ್ತಿದ್ದರೆ, ಇವಳು ದೊಡ್ಡ ರೋಲರ್ ಕೋಸ್ಟರಿನ ಎದುರಿನ ಬೆಂಚಿನಲ್ಲಿ ಎಲ್ಲರ ಬ್ಯಾಗು ಕಾಯುತ್ತಾ ಕೂತಿದ್ದಳು. ಪ್ರತಿ ರಜೆಯಲ್ಲೂ ಅವಳ ಪಾಲಿನ ಕೆಲಸ ಇದೇ.

ಈ ಸಲ ಮನಸ್ಸಿನಲ್ಲೂ ಒಂದು ಭಾರ ಇತ್ತು. ಭಾವನಿಗೆ ದೂರದ ಊರಿಗೆ ವರ್ಗವಾಗಿತ್ತು. "ನೀನೂ ಕೆಲಸ ಬಿಟ್ಟು ನಮ್ಮ ಜೊತೆ ಬಂದುಬಿಡು, ಮಕ್ಕಳಿಗೂ ಆಗುತ್ತೆ" ಎಂದಿದ್ದಳು ಅಕ್ಕ. ಈ ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ಚಿಕ್ಕಿ ಇನ್ನೂ ಹೂಂ ಎಂದಿರಲಿಲ್ಲ. ಆದರೆ ಆ ಮನೆಯಲ್ಲಿ ಚಿಕ್ಕಿ ಊಹೂಂ ಎನ್ನದಿದ್ದರೆ ಅದು ಹೂಂ ಎಂದೇ ಲೆಕ್ಕ. ಅವಳು ಊಹೂಂ ಎಂದದ್ದನ್ನು ಯಾರೂ ಕೇಳಿರಲಿಲ್ಲ.

ಮೊದಲು ಒಬ್ಬ ಹೆಂಗಸು ಬಂದು ಟೋಪಿ ಕೊಟ್ಟು ಹೋದಳು. ಆಮೇಲೆ ಯಾರದೋ ಕನ್ನಡಕ, ಮಗುವಿನ ಒಂಟಿ ಶೂ, ಅರ್ಧ ತಿಂದ ಐಸ್‌ಕ್ರೀಂ. "ಇಟ್ಟಿರಿ ಮೇಡಂ, ಬಂದೆ" ಎಂದು ಕೈಗಿಟ್ಟವರು, ಇವಳು ಬಾಯಿ ತೆರೆಯುವಷ್ಟರಲ್ಲಿ ಕ್ಯೂ ಸೇರಿರುತ್ತಿದ್ದರು. ಐಸ್‌ಕ್ರೀಂ ಕಾಯುವುದು ಯಾರ ಕೈಯಲ್ಲಾಗುತ್ತದೆ? ಕರಗಿಹೋಯಿತು. ಅದರ ಪುಟ್ಟ ಯಜಮಾನಿ ಬರುವ ಹೊತ್ತಿಗೆ ಚಿಕ್ಕಿಯೇ ಹೊಸದೊಂದು ತಂದಿಟ್ಟಿದ್ದಳು.

ಬಿಸಿಲೇರುವ ಹೊತ್ತಿಗೆ ಉದ್ದನೆಯ ಗಂಡಸೊಬ್ಬ ಮಡಿಸಿದ ಕರವಸ್ತ್ರ ಹಿಡಿದು ಬಂದ.

"ಮೇಡಂ, ಇದು ಸ್ವಲ್ಪ ಜೋಪಾನ. ಅಪ್ಪನ ಹಲ್ಲು."

"ಏನಂದ್ರಿ?"

"ಹಲ್ಲಿನ ಸೆಟ್ಟು. ಮೇಲೆ ಹೋದಾಗ ಬಾಯಿ ತೆರೆದ್ರೆ ಹಾರಿಹೋಗುತ್ತೆ ಅಂತ ಅವರಿಗೆ ಭಯ."

ಅವನ ಬೆನ್ನ ಹಿಂದೆ ಹಿರಿಯರೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಕಣ್ಣು ಮಾತ್ರ ನಗುತ್ತಿತ್ತು. ಜನ ಏನೇನನ್ನೋ ಡಬ್ಬಿಯಲ್ಲಿ ತಂದು ಕೈಗೆ ಕೊಡುವುದು ಲ್ಯಾಬಿನವಳಿಗೆ ಹೊಸದಲ್ಲ. ಚಿಕ್ಕಿ ಹಲ್ಲನ್ನು ಮರ್ಯಾದೆಯಿಂದಲೇ ಇಸಿದುಕೊಂಡಳು.

"ಅಪ್ಪ ಚೆನ್ನಾಗೇ ಇದ್ದಾರೆ. ನೀವ್ಯಾಕೆ ಹೀಗೆ ಬಿಳಿಚಿಕೊಂಡಿದ್ದೀರಿ?"

"ನಾನು ಲಿಫ್ಟ್ ರಿಪೇರಿ ಮಾಡೋನು. ಮೇಲೆ ಕೆಳಗೆ ಹೋಗೋ ವಸ್ತು ಕಂಡ್ರೆ ಅದರ ಬೋಲ್ಟ್ ಸಡಿಲ ಇದೆಯಾ ಅಂತಲೇ ಯೋಚನೆ. ವಯಸ್ಸಾದವರ ಜೊತೆ ಮನೆಯವರೊಬ್ಬರು ಕೂರಲೇಬೇಕಂತೆ. ಇಲ್ಲದಿದ್ರೆ ನಾನೇಕೆ ಹೋಗ್ತಿದ್ದೆ?"

ಹೋದ. ಬರುವಾಗ ಅಪ್ಪ ಮಗನನ್ನು ಹಿಡಿದುಕೊಂಡು ಬಂದರು. ಹಲ್ಲು ಹಾಕಿಕೊಂಡವರೇ, "ಇನ್ನೊಂದು ಸಲ ಹೋಗೋಣ್ವಾ?" ಎಂದರು. ಮಗ ಬೆಂಚಿನ ಮೇಲೆ ಕುಸಿದ. ಚಿಕ್ಕಿ ಅವನ ತಲೆಯನ್ನು ಮೊಣಕಾಲಿನ ತನಕ ಬಗ್ಗಿಸಿ, ಮಣಿಕಟ್ಟು ಹಿಡಿದಳು.

"ಉಸಿರು ನಿಧಾನ. ನೀವು ರಿಪೇರಿ ಮಾಡಿದ ಮೊದಲನೇ ಲಿಫ್ಟ್ ಯಾವುದು, ಹೇಳಿ."

"ಈಗಲಾ?"

"ಈಗಲೇ."

"ಬಟ್ಟೆ ಅಂಗಡಿದು. ಮೂರಕ್ಕೆ ಹೋಗು ಅಂದ್ರೆ ಎರಡಕ್ಕೇ ನಿಲ್ಲೋದು. ಮೊಂಡ ಲಿಫ್ಟು. ವಾರ ಅದರ ಜೊತೆ ಗುದ್ದಾಡಿದೆ. ಕೊನೆಗೆ ನೋಡಿದ್ರೆ ಗುಂಡಿಯೊಳಗೆ ಯಾರೋ ಮಗು ಚ್ಯೂಯಿಂಗ್ ಗಮ್ ಅಂಟಿಸಿತ್ತು."

ಹೇಳುತ್ತಾ ಹೇಳುತ್ತಾ ಅವನ ಮುಖಕ್ಕೆ ಬಣ್ಣ ಬಂತು. ನಕ್ಕಾಗ ಒಂದು ಕಣ್ಣು ಇನ್ನೊಂದಕ್ಕಿಂತ ಚೂರು ಹೆಚ್ಚು ಮುಚ್ಚುತ್ತಿತ್ತು. ಚಿಕ್ಕಿ ಅದನ್ನೇ ನೋಡುತ್ತಿದ್ದಳು. ಮಣಿಕಟ್ಟು ಇನ್ನೂ ತನ್ನ ಕೈಯಲ್ಲೇ ಇದೆಯೆಂಬುದು ಅವಳಿಗೂ ಅವನಿಗೂ ಒಟ್ಟಿಗೇ ಗೊತ್ತಾಯಿತು.

"ನಾಡಿ ನೋಡಿ ಆಯ್ತು" ಎಂದು ಬಿಟ್ಟಳು.

"ಹೇಗಿದೆ?"

"ಸ್ವಲ್ಪ ಜೋರು."

"ರೈಡ್ ಮುಗಿದು ಎಷ್ಟು ಹೊತ್ತಾಯ್ತು!" ಎಂದು ಅವನು ತನಗೆ ತಾನೇ ಆಶ್ಚರ್ಯಪಟ್ಟ. ಅವಳು ಯಾರದೋ ಟೋಪಿಯ ಧೂಳು ಕೊಡವತೊಡಗಿದಳು. ಟೋಪಿಯಲ್ಲಿ ಧೂಳೇನೂ ಇರಲಿಲ್ಲ.

ಅಷ್ಟರಲ್ಲಿ ನಿಜವಾದ ಹಳದಿ ಅಂಗಿಯ ಮೇಲ್ವಿಚಾರಕಿ ದಾಪುಗಾಲು ಹಾಕಿಕೊಂಡು ಬಂದಳು. "ರೀ, ಡ್ಯೂಟಿಲಿ ಕೂರೋ ಹಾಗಿಲ್ಲ ಅಂತ ಗೊತ್ತಿಲ್ವಾ? ಐಡಿ ಕಾರ್ಡ್ ಎಲ್ಲಿ?"

"ನಾನು ಟಿಕೆಟ್ ತಗೊಂಡು ಒಳಗೆ ಬಂದವಳು ಮೇಡಂ."

ಮೇಲ್ವಿಚಾರಕಿ ಅವಳ ಅಂಗಿ ನೋಡಿದಳು, ಬೆಂಚಿನ ಮೇಲಿನ ರಾಶಿ ನೋಡಿದಳು, ಹಣೆ ಚಚ್ಚಿಕೊಂಡು ಹೋದಳು. ಲಿಫ್ಟಿನವನು ಎದ್ದು ನಿಂತ.

"ಅಯ್ಯಯ್ಯೋ! ನಿಮ್ಮ ಕೈಗೆ ಹಲ್ಲು ಬೇರೆ ಕೊಟ್ಟೆನಲ್ರೀ! ಹೇಳೋದಲ್ವಾ?"

"ಹೇಳಿದ್ರೆ ಎಲ್ಲಿಡ್ತಿದ್ರಿ? ನಿಮ್ಮ ಜೇಬಲ್ಲಾ?"

ಅವನು ನಗಬೇಕೋ ಬೇಡವೋ ತಿಳಿಯದೆ ನಿಂತಿರುವಾಗ, ಕ್ಯೂನಿಂದ ಹದಿಹರೆಯದ ಹುಡುಗಿಯೊಬ್ಬಳು ಹೊರಬಂದಳು. ಗೆಳತಿಯರೆಲ್ಲ ರೈಡ್ ಹತ್ತಿದ್ದರು. ಇವಳೊಬ್ಬಳು ಕೊನೇ ಗಳಿಗೆಯಲ್ಲಿ ಹೆದರಿ ವಾಪಸ್ ಬಂದಿದ್ದಳು. ಅಳು ಒತ್ತಿಟ್ಟುಕೊಂಡು ಮುಖ ಊದಿತ್ತು. ಚಿಕ್ಕಿ ಏನೂ ಕೇಳಲಿಲ್ಲ. "ಪುಟ್ಟಿ, ಒಂದು ಸಹಾಯ ಮಾಡ್ತೀಯಾ? ಕೈ ನೋಯ್ತಾ ಇದೆ, ಈ ಬ್ಯಾಗು ಸ್ವಲ್ಪ ಹಿಡ್ಕೋ" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಗೆಳತಿಯರು ಕಿರುಚಾಡುತ್ತಾ ಇಳಿದು ಬಂದು "ಎಲ್ಲಿ ಹೋಗಿದ್ದೆ?" ಎಂದಾಗ, ಹುಡುಗಿ ತಲೆ ಎತ್ತಿ, "ಆಂಟಿಗೆ ಹೆಲ್ಪ್ ಬೇಕಿತ್ತು" ಎಂದಳು. ಯಾರೂ ಅವಳನ್ನು ಆಡಿಕೊಳ್ಳಲಿಲ್ಲ.

ಲಿಫ್ಟಿನವನು ಇದನ್ನೆಲ್ಲ ನೋಡುತ್ತಾ ನಿಂತಿದ್ದ. ಅಪ್ಪ ಎರಡು ಸಲ ಕರೆದರೂ ಅವನಿಗೆ ಕೇಳಿಸಿರಲಿಲ್ಲ.

ಸಂಜೆಯೊಳಗೆ ಎರಡೂ ಕುಟುಂಬ ಒಂದಾಗಿ, ಫೋನ್ ನಂಬರುಗಳ ವಿನಿಮಯವೂ ಆಗಿತ್ತು. ಹಿರಿಯರು ಜೀವಮಾನವಿಡೀ ಬಸ್ ಓಡಿಸಿದವರು. "ಸರ್ವಿಸ್ ಪೂರ್ತಿ ಬ್ರೇಕ್ ಒತ್ತಿದ್ದೇ ಆಯ್ತು. ಇನ್ನು ಮೇಲೆ ಬೇರೆ ಯಾರಾದ್ರೂ ಒತ್ತಲಿ, ನಾನು ಸುಮ್ನೆ ಕೂಗ್ತೀನಿ" ಎಂದು ಅವರು ಅಂದಾಗ, ಭಾವನಿಗೂ ಮಕ್ಕಳಿಗೂ ಅವರನ್ನು ಬಿಡಲು ಮನಸ್ಸಾಗಲಿಲ್ಲ. ಮರುದಿನದ ರೈಡುಗಳಿಗೆಲ್ಲ ಭಾವನೇ ಅವರ ಮನೆಯವನು ಎಂದು ತೀರ್ಮಾನವಾಯಿತು. ಮಗ ಬದುಕಿದೆಯಾ ಬಡಜೀವವೇ ಎಂದುಕೊಂಡ.

ಎಲ್ಲರದೂ ಎರಡು ದಿನದ ಟಿಕೆಟ್ಟು. ಬೆಳಿಗ್ಗೆ ಚಿಕ್ಕಿ ಮತ್ತೆ ಅದೇ ಹಳದಿ ಅಂಗಿ ತೊಟ್ಟು ಬಂದಾಗ ಅಕ್ಕ ಹುಬ್ಬೇರಿಸಿದಳು. "ನಿನ್ನೆ ತಾನೇ ಹಾಕಿದ್ದೆಯಲ್ಲೇ?"

"ಒಗೆದಿದ್ದೀನಿ."

ಹೋಟೆಲಿನ ಬಾತ್‌ರೂಮಿನಲ್ಲಿ ಒಗೆದು, ಫ್ಯಾನಿನ ಕೆಳಗೆ ಒಣಗಿಸಿ, ತುಸು ಒದ್ದೆಯಿರುವಾಗಲೇ ಹಾಕಿಕೊಂಡಿದ್ದಳು. ಯಾಕೆಂದು ಅಕ್ಕ ಕೇಳಲಿಲ್ಲ, ಪುಣ್ಯ.

ಬೆಂಚಿನಲ್ಲಿ ಅವನು ಆಗಲೇ ಬಂದು ಕೂತಿದ್ದ. ತೊಡೆಯ ಮೇಲೆ ಯಾರದೋ ಬ್ಯಾಗು, ಕಾಲ ಬುಡದಲ್ಲಿ ತಲೆಕೆಳಗಾದ ಮಗುವಿನ ಗಾಡಿ. ಅದರ ಚಕ್ರ ಕೈಯಲ್ಲಿತ್ತು.

"ನಾನು ಹಳದಿ ಹಾಕಿಲ್ಲ, ಆದ್ರೂ ಕೊಟ್ಟು ಹೋದ್ರು. ಬೆಂಚಿನ ಗುಣ ಇರಬೇಕು."

"ಗಾಡಿನೂ ಕೊಟ್ರಾ?"

"ಇಲ್ಲ, ಅದು ನಾನೇ ಕೇಳಿ ಇಸ್ಕೊಂಡೆ. ಕೀರಲು ಸದ್ದು ಕೇಳೋಕಾಗಲಿಲ್ಲ. ಆ ತಾಯಿ ಕಾಫಿ ಕುಡಿದು ಬರಲಿ."

ಚಿಕ್ಕಿ ನಕ್ಕು ಪಕ್ಕದಲ್ಲಿ ಕೂತಳು. ಅವನ ಊರು ತನ್ನ ಊರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ ಎಂದು ಗೊತ್ತಾಯಿತು. ಇನ್ನೂ ಮದುವೆ ಯಾಕಾಗಿಲ್ಲ ಎಂದು ಕೇಳಿದರೆ, "ಯಾರನ್ನಾದ್ರೂ ಭೇಟಿ ಆಗೋಕೆ ಹೋದಾಗೆಲ್ಲ ಎಲ್ಲೋ ಯಾರೋ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡು ಫೋನ್ ಮಾಡ್ತಾರೆ, ಎದ್ದು ಓಡ್ತೀನಿ" ಎಂದ. ಅವಳು ಬಿದ್ದು ಬಿದ್ದು ನಕ್ಕಳು. ಬೆಂಚು ಸಣ್ಣದು, ನಡುವೆ ಯಾರದೋ ಎರಡು ಬ್ಯಾಗು. ಯಾರೋ ಬಂದು ಒಂದನ್ನು ತೆಗೆದುಕೊಂಡು ಹೋದಾಗ ಇಬ್ಬರೂ ಆ ಖಾಲಿ ಜಾಗವನ್ನು ನೋಡಿದರು. ಯಾರೂ ಸರಿಯಲಿಲ್ಲ.

"ಯಾವಾಗ ಹೊರಡ್ತೀರಿ?" ಎಂದ ಅವನು.

"ಸಂಜೆ."

"ಅದಲ್ಲ. ಅಕ್ಕನ ಜೊತೆ. ನಿಮ್ಮ ಭಾವ ಅಪ್ಪನಿಗೆ ಹೇಳಿದ್ರಂತೆ."

"ಮುಂದಿನ ತಿಂಗಳು."

"ಹೋಗೋಕೆ ಇಷ್ಟ ಇದೆಯಾ?"

"ಅಕ್ಕ ಕೇಳಿದ್ದಾಳೆ."

"ಅಕ್ಕ ಕೇಳಿದ್ದು ಗೊತ್ತಾಯ್ತು. ನಾನು ಕೇಳಿದ್ದು ಬೇರೆ."

ಚಿಕ್ಕಿ ಬ್ಯಾಗಿನ ಪಟ್ಟಿ ನೇರ ಮಾಡಿದಳು. "ಅಮ್ಮ ಹೋದಮೇಲೆ ನನ್ನ ಓದಿಸಿದ್ದು ಅವಳೇ. ಬರಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

"ಇರೋ ಬಾಯಲ್ಲೇ."

"ತಮಾಷೆ ಮಾಡಬೇಡಿ."

"ತಮಾಷೆ ಅಲ್ಲ ರೀ. ಯಾರು ಏನು ಕೊಟ್ರೂ ಇಟ್ಕೋತೀರಿ. ಟೋಪಿ ಆದ್ರೆ ಸರಿ, ಸ್ವಲ್ಪ ಹೊತ್ತಿಗೆ ಬಂದು ತಗೊಂಡು ಹೋಗ್ತಾರೆ. ಇದನ್ನ ಯಾರೂ ವಾಪಸ್ ತಗೊಳ್ಳೋಕೆ ಬರಲ್ಲ."

ಅವಳಿಗೆ ಚುರ್ ಎಂದಿತು. ನಿಜ ಚುಚ್ಚಿದಷ್ಟು ಸೂಜಿಯೂ ಚುಚ್ಚುವುದಿಲ್ಲ. "ಎರಡು ದಿನದ ಪರಿಚಯಕ್ಕೆ ಈ ಮಾತು ಜಾಸ್ತಿ ಆಯ್ತು" ಎಂದಳು.

ಅವನ ಕಿವಿ ಕೆಂಪಾಯಿತು. ಚಕ್ರ ಕೂರಿಸಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಎದ್ದ. "ಹೌದು, ಜಾಸ್ತಿ ಆಯ್ತು. ಇದರಲ್ಲಿ ನನ್ನ ಸ್ವಾರ್ಥನೂ ಇದೆ. ನಿನ್ನೆ ಆ ಹುಡುಗಿಗೆ ಬ್ಯಾಗ್ ಕೊಟ್ಟು, ಕೈ ನೋವು ಅಂತ ಸುಳ್ಳು ಹೇಳಿದ್ರಲ್ಲ, ಅಲ್ಲಿಗೇ ನನ್ನ ಕಥೆ ಮುಗೀತು. ನೀವು ಅಷ್ಟು ದೂರ ಹೋಗೋದು ನನಗೆ ಬೇಡ. ಇದನ್ನೂ ಇಟ್ಕೊಳ್ಳಿ ಅಂತ ಹೇಳ್ತಿಲ್ಲ. ಹೇಳಬೇಕು ಅನ್ನಿಸ್ತು, ಹೇಳಿದೆ."

ಅವನು ಹೋಗಿ ಅಪ್ಪನನ್ನು ಸೇರಿಕೊಂಡ. ಮಧ್ಯಾಹ್ನವಿಡೀ ಬೆಂಚಿನ ಕಡೆ ಸುಳಿಯಲಿಲ್ಲ. ಚಿಕ್ಕಿ ಕೊಟ್ಟವರ ಸಾಮಾನು ಇಸಿದುಕೊಂಡಳು, ಕೇಳಿದವರಿಗೆ ವಾಪಸ್ ಕೊಟ್ಟಳು. ಸಿಟ್ಟು ಇಳಿದಂತೆಲ್ಲ ಒಂದು ವಿಷಯ ಖಚಿತವಾಗುತ್ತಾ ಬಂತು. ಅವಳಿಗೆ ಹೋಗಲು ಇಷ್ಟವಿರಲಿಲ್ಲ. ಒಂದು ಚೂರೂ ಇರಲಿಲ್ಲ.

ಸಂಜೆ ಪಾರ್ಕಿಂಗ್‌ನಲ್ಲಿ ಭಾವ ಡಿಕ್ಕಿ ತುಂಬುತ್ತಾ ಕೇಳಿದ, "ಹಾಗಾದ್ರೆ ಲ್ಯಾಬಲ್ಲಿ ಯಾವಾಗ ಹೇಳ್ತೀಯಮ್ಮ?"

"ಭಾವ, ನಾನು ಬರಲ್ಲ."

ಅಕ್ಕ ತಿರುಗಿದಳು. "ಏನಂದೆ?"

"ಬರಲ್ಲ ಅಕ್ಕ. ನನಗೆ ನನ್ನ ಕೆಲಸ ಇಷ್ಟ, ನನ್ನ ಪುಟ್ಟ ಮನೆ ಇಷ್ಟ. ನೀನು ಬೇಜಾರು ಮಾಡ್ಕೊಂಡ್ರೂ ಸರಿ." ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಅಕ್ಕ ಕಾರಿನ ಸೀಟಿನ ಅಂಚಿನಲ್ಲಿ ಕೂತುಬಿಟ್ಟಳು. "ಅಯ್ಯೋ ಪುಣ್ಯಾತ್ಗಿತ್ತಿ! ಒಂಟಿ ಆಗಿಬಿಡ್ತೀಯ ಅಂತ ತಾನೇ ಕಣೇ ನಿನ್ನ ಕರೆದಿದ್ದು! ಅಲ್ಲಿ ಸಿಕ್ಕಿರೋದು ಗುಬ್ಬಿಗೂಡಿನಂಥ ಮನೆ. ನಿನ್ನ ಎಲ್ಲಿ ಮಲಗಿಸೋದು ಅಂತ ನಾವಿಬ್ಬರೂ ತಲೆ ಕೆಡಿಸ್ಕೊಂಡು ಕೂತಿದ್ದೀವಿ."

"ಹಾಗಂತ ಹೇಳಬಾರದಿತ್ತಾ?"

"ಹೇಗೆ ಹೇಳಲಿ? ನೀನು ಖುಷಿಯಿಂದ ಹೊರಟಿದ್ದೀಯ ಅಂದ್ಕೊಂಡಿದ್ದೆ!"

ಭಾವ ಇಬ್ಬರ ಮುಖವನ್ನೂ ನೋಡಿದ. "ಅಕ್ಕ ತಂಗಿ ಒಬ್ಬರಿಗೊಬ್ಬರು ಉಪಕಾರ ಮಾಡೋಕೆ ಹೋಗಿ ನಡುವೆ ನನ್ನ ಹಾಸಿಗೆ ಹಾಲ್‌ಗೆ ಬರ್ತಿತ್ತು" ಎಂದ. ಅಕ್ಕ ಅಳುತ್ತಲೇ ನಕ್ಕಳು, ತಂಗಿಯನ್ನು ಎಳೆದು ಅಪ್ಪಿಕೊಂಡಳು. ಚಿಕ್ಕಿ ಕಣ್ಣೊರೆಸಿಕೊಂಡು ಬಿಡಿಸಿಕೊಂಡಳು.

"ಸ್ವಲ್ಪ ಇರಿ. ನನಗೊಂದು ಕೆಲಸ ಇದೆ."

ಅಪ್ಪ ಮಗ ಬಸ್ಸಿಗೆಂದು ಹೋಗಿದ್ದ ಗೇಟಿನಾಚೆಯ ಸ್ಟಾಪಿಗೆ ಅವಳು ಓಡಿದಳು. ಬಸ್ಸು ಗುರ್ ಎನ್ನುತ್ತಿತ್ತು. ಹಿರಿಯರು ಕಿಟಕಿಯಲ್ಲಿ, ಮಗ ಮೆಟ್ಟಿಲ ಮೇಲೆ. ಅವಳನ್ನು ಕಂಡು ಅವನು ಕೆಳಗಿಳಿದ.

"ಬರಲ್ಲ ಅಂತ ಹೇಳಿಬಿಟ್ಟೆ" ಎಂದಳು ಏದುಸಿರಿನಲ್ಲಿ. "ನೀವು ಹೇಳಿದ್ರಿ ಅಂತ ಅಲ್ಲ. ನನಗೇ ಇಷ್ಟ ಇರಲಿಲ್ಲ."

"ಸರಿ."

"ಇನ್ನೊಂದು ವಿಷಯ." ಯಾರಾದರೂ ಕೇಳಿದ್ದನ್ನು ಕೊಡುವುದು ಅವಳಿಗೆ ಉಸಿರಾಡಿದಷ್ಟು ಸುಲಭ, ತನಗೆ ಬೇಕಾದ್ದನ್ನು ಕೇಳಿ ಅಭ್ಯಾಸವಿರಲಿಲ್ಲ. "ಭಾನುವಾರ ನನಗೆ ರಜ. ನೀವು ನನ್ನ ನೋಡೋಕೆ ಬರಬೇಕು. ನನಗೆ ನೀವು ಇಷ್ಟ. ಬರ್ತೀರಾ?"

ಮಾತು ನಿಜಕ್ಕೂ ತನಗೇನಾ ಎಂದು ಅವನು ಹಿಂದಕ್ಕೆ ತಿರುಗಿ ನೋಡಿದ.

"ಬರ್ತಾನಮ್ಮಾ!" ಎಂದರು ಹಿರಿಯರು ಕಿಟಕಿಯಿಂದ. "ಅವನು ಹೂಂ ಅನ್ನೋ ಹೊತ್ತಿಗೆ ಈ ಬಸ್ಸು ಊರು ಮುಟ್ಟಿರುತ್ತೆ."

ಕಂಡಕ್ಟರ್ ಸೀಟಿ ಊದಿದ. ಅವನು ಮೆಟ್ಟಿಲಿಗೆ ಒಂದು ಕಾಲಿಟ್ಟು ತಿರುಗಿದ. ಈಗ ನಗುವಿನಲ್ಲಿ ಒಂದು ಕಣ್ಣು ಹೆಚ್ಚು ಮುಚ್ಚಿತ್ತು.

"ಬರ್ತೀನಿ. ಖಂಡಿತ ಬರ್ತೀನಿ. ಬರುವಾಗ ಏನು ತರಲಿ?"

"ಏನೂ ತರಬೇಡಿ" ಎಂದಳು ಚಿಕ್ಕಿ. "ಕೈ ಬೀಸ್ಕೊಂಡು ಬನ್ನಿ."